ಕ್ಯಾಂಟನ್‌ನ ಪ್ರೊ ಫುಟ್‌ಬಾಲ್ ಹಾಲ್ ಆಫ್ ಫೇಮ್: ಆಟ ಗೊತ್ತಿಲ್ಲದವರೂ ಹೋಗಬಹುದಾ?

ಹೋಗಬಹುದು. ಧಾರಾಳವಾಗಿ ಹೋಗಬಹುದು. ಅಮೆರಿಕನ್ ಫುಟ್‌ಬಾಲಿನ ದಿಗ್ಗಜರನ್ನು ಆರಿಸಿ ಗೌರವಿಸುವ ಮ್ಯೂಸಿಯಂ ಇದು. ಐದಕ್ಕೆ ನಾಲ್ಕು ಸ್ಟಾರ್ ನನ್ನ ಲೆಕ್ಕದಲ್ಲಿ. ಅಮೆರಿಕನ್ ಫುಟ್‌ಬಾಲ್ ಅಂದ್ರೆ ಹೆಲ್ಮೆಟ್ ಹಾಕ್ಕೊಂಡು ಒಬ್ಬರ ಮೇಲೊಬ್ಬರು ಬೀಳೋದು ಅಷ್ಟೇ ಅಂತ ನಂಬಿಕೊಂಡಿರುವ ಎಷ್ಟೋ ಜನ ಕನ್ನಡದವರು ಇಲ್ಲಿ ನನಗೆ ಗೊತ್ತು. ಸೂಪರ್ ಬೌಲ್ ಅನ್ನೋ ವರ್ಷದ ಫೈನಲ್ ದಿನ ಯಾರದೋ ಮನೆಗೆ ಹೋಗಿ ಚಿಪ್ಸ್ ತಿಂದು, ಜಾಹೀರಾತು ನೋಡಿ ಬರ್ತಾರೆ. ಅಂಥವರಿಗೂ ಇಲ್ಲಿ ಅರ್ಧ ದಿನ ಆರಾಮಾಗಿ ಕಳೆಯುತ್ತೆ.

ಕ್ಯಾಂಟನ್ ಒಹಾಯೊದ ಒಂದು ಸಾಧಾರಣ ಊರು. ಕ್ಲೀವ್‌ಲ್ಯಾಂಡ್‌ನಿಂದ ಇಂಟರ್‌ಸ್ಟೇಟ್ 77 ಹಿಡಿದು ದಕ್ಷಿಣಕ್ಕೆ ಬಂದ್ರೆ ಸುಮಾರು ಒಂದು ಗಂಟೆ, ಕೊಲಂಬಸ್ ಕಡೆಯಿಂದ ಎರಡು ಗಂಟೆ. ಹೈವೇಯಿಂದಲೇ ಕಟ್ಟಡ ಕಾಣುತ್ತೆ. ಫುಟ್‌ಬಾಲ್ ಚೆಂಡಿನ ತುದಿ ಮೇಲೆದ್ದ ಹಾಗೆ ಕಾಣಲಿ ಅಂತ ಗುಮ್ಮಟ ಕಟ್ಟಿದ್ದಾರೆ, ಆದ್ರೆ ನಿಜ ಹೇಳಬೇಕು ಅಂದ್ರೆ ದೂರದಿಂದ ನಿಂಬೆಹಣ್ಣು ಹಿಂಡೋ ಸಾಮಾನಿನ ಹಾಗೇ ಕಾಣುತ್ತೆ.

ನ್ಯೂಯಾರ್ಕ್, ಶಿಕಾಗೊ ಬಿಟ್ಟು ಇಲ್ಲೇಕೆ ಕಟ್ಟಿದ್ರು ಅನ್ನೋ ಪ್ರಶ್ನೆ ಎಲ್ಲರಿಗೂ ಬರುತ್ತೆ. ಇವತ್ತಿನ ಎನ್‌ಎಫ್‌ಎಲ್, ಅಂದ್ರೆ ವೃತ್ತಿಪರ ಫುಟ್‌ಬಾಲ್ ತಂಡಗಳ ಲೀಗ್, ಹುಟ್ಟಿದ್ದೇ ಈ ಊರಲ್ಲಿ. 1920ರ ಸೆಪ್ಟೆಂಬರ್ 17ರಂದು ರಾಲ್ಫ್ ಹೇ ಅನ್ನುವವನ ಕಾರ್ ಶೋರೂಮಿನಲ್ಲಿ ಒಂದಷ್ಟು ತಂಡಗಳ ಮಾಲೀಕರು ಸೇರಿದ್ರು. ಹಪ್‌ಮೊಬೈಲ್ ಅನ್ನೋ ಕಾರು ಮಾರುವ ಅಂಗಡಿ ಅದು. ಕುರ್ಚಿ ಸಾಲದೆ ಕಾರುಗಳ ಫುಟ್‌ಬೋರ್ಡ್ ಮೇಲೆ ಕೂತು, ಬಿಯರ್ ಕುಡಿಯುತ್ತಾ ಲೀಗ್ ಶುರು ಮಾಡಿದ್ರಂತೆ. ಮೊದಲ ಹೆಸರು ಅಮೆರಿಕನ್ ಪ್ರೊಫೆಷನಲ್ ಫುಟ್‌ಬಾಲ್ ಅಸೋಸಿಯೇಷನ್. 1922ರಲ್ಲಿ ಎನ್‌ಎಫ್‌ಎಲ್ ಆಯಿತು. ಮ್ಯೂಸಿಯಂ ಬಾಗಿಲು ತೆರೆದದ್ದು 1963ರಲ್ಲಿ.

ನಾನು ಹೋಗಿದ್ದು ಮಗ ಮತ್ತು ಊರಿಂದ ಬಂದಿದ್ದ ಮಾವನ ಜೊತೆ. ಮಗ ಇಲ್ಲೇ ಹುಟ್ಟಿದವನು, ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಅಭಿಮಾನಿ. ಪಾಪ, ಸೋಲೋದು ಅವನಿಗೆ ಅಭ್ಯಾಸ ಆಗಿದೆ. ಮಾವ ಬ್ಯಾಂಕಿನಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಕ್ರಿಕೆಟ್ ಬಿಟ್ಟು ಬೇರೆ ಆಟ ಗೊತ್ತಿಲ್ಲ. ಕಾರಲ್ಲೇ ಅವರಿಗೆ ಮಗ ಪಾಠ ಮಾಡಿದ. "ತಾತ, ಹತ್ತು ಗಜ ಮುಂದೆ ಹೋಗೋಕೆ ನಾಲ್ಕು ಚಾನ್ಸ್. ಹೋದ್ರೆ ಮತ್ತೆ ನಾಲ್ಕು. ಹೋಗದಿದ್ರೆ ಚೆಂಡು ಅವರಿಗೆ. ಕೊನೇ ಗೆರೆ ದಾಟಿದ್ರೆ ಟಚ್‌ಡೌನ್, ಆರು ಪಾಯಿಂಟ್." ಇಷ್ಟು ಗೊತ್ತಿದ್ರೆ ಒಳಗೆ ಬೇಕಾದಷ್ಟು ಅರ್ಥ ಆಗುತ್ತೆ, ನಿಜವಾಗ್ಲೂ.

ಒಳಗೆ ಹೋದ ಕೂಡಲೇ ಜಿಮ್ ಥಾರ್ಪ್‌ನ ಏಳಡಿ ಕಂಚಿನ ಪ್ರತಿಮೆ. ಸ್ಯಾಕ್ ಅಂಡ್ ಫಾಕ್ಸ್ ಅನ್ನೋ ಮೂಲನಿವಾಸಿ ಬುಡಕಟ್ಟಿನವನು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಪೆಂಟಾಥ್ಲಾನ್, ಡೆಕಾಥ್ಲಾನ್ ಎರಡರಲ್ಲೂ ಚಿನ್ನ ಗೆದ್ದ. ಅದಕ್ಕೂ ಮೊದಲು ಚಿಲ್ಲರೆ ಕಾಸಿಗೆ ಬೇಸ್‌ಬಾಲ್ ಆಡಿದ್ದ ಅಂತ ಮರುವರ್ಷವೇ ಪದಕ ಕಿತ್ತುಕೊಂಡ್ರು, ದುಡ್ಡಿಗೆ ಆಡಿದವರಿಗೆ ಆಗ ಒಲಿಂಪಿಕ್ಸ್‌ನಲ್ಲಿ ಜಾಗ ಇರಲಿಲ್ಲ. 1915ರಲ್ಲಿ ಕ್ಯಾಂಟನ್ ಬುಲ್‌ಡಾಗ್ಸ್ ತಂಡ ಅವನನ್ನು ಆಟಕ್ಕೆ 250 ಡಾಲರ್ ಕೊಟ್ಟು ಕರೆಸಿತು. 1920ರಲ್ಲಿ ಲೀಗ್ ಶುರುವಾದಾಗ ಅವನೇ ಅದರ ಮೊದಲ ಅಧ್ಯಕ್ಷ. ಒಲಿಂಪಿಕ್ಸ್‌ನವರು ಅವನೊಬ್ಬನೇ ಗೆದ್ದವನು ಅಂತ ಪೂರ್ತಿ ಒಪ್ಪಿದ್ದು 2022ರಲ್ಲಿ. ಅಷ್ಟೊತ್ತಿಗೆ ಅವನು ಸತ್ತು ಸುಮಾರು ಎಪ್ಪತ್ತು ವರ್ಷ ಆಗಿತ್ತು.

ನನಗೆ ಇಲ್ಲಿ ಜಾಸ್ತಿ ಹಿಡಿಸಿದ್ದು ದೊಡ್ಡ ಪರದೆ, ಹೊಲೊಗ್ರಾಂ ಅವೆಲ್ಲ ಅಲ್ಲ. ಒಂದು ಕಾಗದ. ಗಾಜಿನ ಹಿಂದೆ ಇಟ್ಟಿರುವ ಹಳೇ ಖರ್ಚಿನ ಪಟ್ಟಿ. ಅಲೆಘೆನಿ ಅಥ್ಲೆಟಿಕ್ ಅಸೋಸಿಯೇಷನ್ ಅಂತ ಪಿಟ್ಸ್‌ಬರ್ಗ್ ಕಡೆಯ ಒಂದು ಕ್ಲಬ್ಬಿನದು. 1892ರ ನವೆಂಬರ್ 12ರಂದು ಪಕ್ಕದ ಕ್ಲಬ್ಬಿನ ವಿರುದ್ಧ ಒಂದು ಪಂದ್ಯ ಆಯಿತು. ಆಗ ದುಡ್ಡಿಗೆ ಆಡೋದು ಮರ್ಯಾದಸ್ಥರ ಕೆಲಸ ಆಗಿರಲಿಲ್ಲ, ನಿಯಮದಲ್ಲೂ ಅವಕಾಶ ಇರಲಿಲ್ಲ. ಆದ್ರೂ ಪಟ್ಟಿಯಲ್ಲಿ ಒಂದು ಸಾಲು ಸ್ಪಷ್ಟವಾಗಿದೆ: ಹೆಫೆಲ್‌ಫಿಂಗರ್‌ಗೆ ಆಡಿದ್ದಕ್ಕೆ, ನಗದು, 500 ಡಾಲರ್. ಯೇಲ್ ಕಾಲೇಜಿನಲ್ಲಿ ಆಡಿ ಹೆಸರು ಮಾಡಿದ್ದ ಪಜ್ ಹೆಫೆಲ್‌ಫಿಂಗರ್ ಅಂದು ಎದುರಾಳಿ ಕೈಬಿಟ್ಟ ಚೆಂಡು ಹಿಡಿದು ಓಡಿ ಟಚ್‌ಡೌನ್ ಮಾಡಿದ. ಆಗ ಟಚ್‌ಡೌನ್‌ಗೆ ನಾಲ್ಕೇ ಪಾಯಿಂಟ್. 4-0 ಗೆದ್ರು. ದುಡ್ಡು ತಗೊಂಡು ಫುಟ್‌ಬಾಲ್ ಆಡಿದ ಮೊದಲ ಆಟಗಾರ ಅಂತ ದಾಖಲೆಯಲ್ಲಿ ಸಿಗೋದು ಇವನೇ. ಈ ಕಾಗದವನ್ನು ವೃತ್ತಿಪರ ಫುಟ್‌ಬಾಲಿನ ಜನನ ಪ್ರಮಾಣಪತ್ರ ಅಂತ ಕರೀತಾರೆ.

ಮಾವ ಅಲ್ಲಿಂದ ಕದಲಲೇ ಇಲ್ಲ. ಕನ್ನಡಕ ಹಣೆ ಮೇಲೆ ಏರಿಸಿ ಒಂದೊಂದೇ ಸಾಲು ಓದಿದ್ರು. ಎಲ್ಲ ಖರ್ಚು ಕಳೆದು ನಿವ್ವಳ ಲಾಭ 621 ಡಾಲರ್ ಅಂತ ಕೊನೆಯಲ್ಲಿದೆ. "ಅಳಿಯಂದ್ರೇ, ಕದ್ದು ಕೊಟ್ಟ ದುಡ್ಡನ್ನೂ ಲೆಕ್ಕದಲ್ಲಿ ಬರೆದಿಟ್ಟಿದ್ದಾನಲ್ರೀ ಈ ಪುಣ್ಯಾತ್ಮ" ಅಂದ್ರು. ಬರೆದಿಟ್ಟಿದ್ದಕ್ಕೇ ಅಲ್ವಾ ಇವತ್ತು ನಮಗೆ ಗೊತ್ತಾಗ್ತಿರೋದು. ಮಗ ಅಷ್ಟು ಹೊತ್ತಿಗೆ ಸೂಪರ್ ಬೌಲ್ ಉಂಗುರಗಳ ಹತ್ತಿರ ಹೋಗಿಬಿಟ್ಟಿದ್ದ. ಆ ಉಂಗುರಗಳು ವರ್ಷದಿಂದ ವರ್ಷಕ್ಕೆ ಹೇಗೆ ಊದಿಕೊಂಡು ಬಂದಿವೆ ಅಂತ ನೋಡೋದೇ ಒಂದು ಮಜಾ. ಮೊದಲಿನವು ಬೆರಳಿಗೆ ಹಾಕೋ ಹಾಗಿವೆ. ಈಚಿನವನ್ನು ಹಾಕ್ಕೊಂಡು ಊಟ ಮಾಡೋಕೂ ಆಗಲ್ಲ.

ಇನ್ನೊಂದು ವಸ್ತು ಒಂದು ಶೂ. ಟಾಮ್ ಡೆಂಪ್ಸಿಯದು. ಹುಟ್ಟುವಾಗಲೇ ಅವನ ಬಲಗಾಲಿಗೆ ಬೆರಳುಗಳಿರಲಿಲ್ಲ, ಬಲಗೈಗೂ ಇರಲಿಲ್ಲ. ಆ ಕಾಲಿಗೆ ಅಂತಲೇ ಹೊಲಿಸಿದ ಶೂ ಇದು. ಮುಂಭಾಗ ಚೂಪಾಗಿಲ್ಲ, ಅಡ್ಡಕ್ಕೆ ಕತ್ತರಿಸಿದ ಹಾಗೆ ಚಪ್ಪಟೆ. 1970ರ ನವೆಂಬರ್ 8, ನ್ಯೂ ಆರ್ಲಿಯನ್ಸ್. ಸೇಂಟ್ಸ್ ತಂಡ ಡೆಟ್ರಾಯ್ಟ್ ಲಯನ್ಸ್ ಎದುರು 16-17 ಹಿಂದೆ. ಉಳಿದಿರೋದು ಎರಡು ಸೆಕೆಂಡ್. 63 ಗಜದ ಫೀಲ್ಡ್ ಗೋಲ್ ಬೇಕು, ಅಂದ್ರೆ ಅಷ್ಟು ದೂರದಿಂದ ಚೆಂಡನ್ನು ಒದ್ದು ಕಂಬಗಳ ನಡುವೆ ದಾಟಿಸಬೇಕು, ಮೂರು ಪಾಯಿಂಟ್. ಅಲ್ಲಿವರೆಗಿನ ದಾಖಲೆ 56 ಗಜ. ಡೆಂಪ್ಸಿ ಒದ್ದ, ಚೆಂಡು ಕಂಬಿ ದಾಟಿತು, 19-17. ಆಮೇಲೆ ಶುರುವಾಯ್ತು ನೋಡಿ, ಆ ಚಪ್ಪಟೆ ಶೂನಿಂದ ಅವನಿಗೆ ಲಾಭ ಆಯ್ತು ಅಂತ ತಕರಾರು. 1977ರಲ್ಲಿ ಲೀಗ್ ನಿಯಮವನ್ನೇ ತಂತು, ಒದೆಯುವ ಶೂ ಎಲ್ಲರ ಶೂ ಥರಾನೇ ಇರಬೇಕು ಅಂತ. ಕಾಲಲ್ಲಿ ಬೆರಳೇ ಇಲ್ಲದವನ ಮೇಲೆ ಅನುಕೂಲ ಪಡೆದ ಆರೋಪ! ಅವನ ದಾಖಲೆಯನ್ನು ಮೂವರು ಸರಿಗಟ್ಟಿದ್ರು, ಆದ್ರೆ ಮುರಿಯೋಕೆ 2013ರಲ್ಲಿ ಮ್ಯಾಟ್ ಪ್ರೇಟರ್ 64 ಗಜ ಒದೆಯಬೇಕಾಯ್ತು. ಅಂದ್ರೆ 43 ವರ್ಷ. ತಮಾಷೆ ಏನಂದ್ರೆ, ಶೂ ಹಾಲ್ ಆಫ್ ಫೇಮ್‌ನಲ್ಲಿದೆ, ಡೆಂಪ್ಸಿ ಇಲ್ಲ. ಒಂದು ಒದೆತಕ್ಕೆ ಕಂಚಿನ ಮುಖ ಸಿಗಲ್ಲ ಇಲ್ಲಿ.

ಆಟಗಳ ಕತೆ ಹೇಳುವ ಭಾಗ ಚೆನ್ನಾಗಿದೆ, ಆದ್ರೆ ಓದೋ ತಾಳ್ಮೆ ಬೇಕು. ಮೊದಲೇ ಸ್ವಲ್ಪ ತಿಳ್ಕೊಂಡು ಹೋದ್ರೆ ರುಚಿ ಜಾಸ್ತಿ. ನನಗೆ ಪ್ರಿಯವಾದದ್ದು 1932ರದ್ದು. ಶಿಕಾಗೊ ಬೇರ್ಸ್ ಮತ್ತು ಒಹಾಯೊದ್ದೇ ಆದ ಪೋರ್ಟ್ಸ್‌ಮತ್ ಸ್ಪಾರ್ಟನ್ಸ್ ನಡುವೆ ನಿರ್ಣಾಯಕ ಪಂದ್ಯ. ಹೊರಗೆ ಹಿಮ, ಕೊರೆಯುವ ಚಳಿ. ಸರಿ, ಒಳಾಂಗಣಕ್ಕೆ ಹೋಗೋಣ ಅಂತ ಶಿಕಾಗೊ ಸ್ಟೇಡಿಯಂ ಒಳಗೆ ಆಡಿಸಿದ್ರು. ಅಲ್ಲಿ ಸ್ವಲ್ಪ ಮೊದಲಷ್ಟೇ ಸರ್ಕಸ್ ನಡೆದಿತ್ತು, ಅದರ ಮಣ್ಣು ಇನ್ನೂ ಹಾಸಿತ್ತು. ಮೈದಾನ 100 ಗಜದ ಬದಲು 80 ಗಜ. ಬೇರ್ಸ್ 9-0 ಗೆದ್ರು. ಜಾಗ ಇಕ್ಕಟ್ಟಾಗಿದ್ದಕ್ಕೆ ಅವತ್ತಿನ ಮಟ್ಟಿಗೆ ಮಾಡಿಕೊಂಡ ನಿಯಮಗಳಲ್ಲಿ ಕೆಲವು ಮುಂದಿನ ವರ್ಷ ಲೀಗಿನ ಕಾಯಂ ನಿಯಮಗಳಾದವು. ಇವತ್ತು ಟಿವಿಯಲ್ಲಿ ನೋಡೋ ಆಟದ ಬುಡ ಒಂದು ಸರ್ಕಸ್ ಮಣ್ಣಿನಲ್ಲಿದೆ ಅಂದ್ರೆ ನಂಬಬೇಕು.

1958ರ ಫೈನಲ್ ಬಗ್ಗೆ ಎಲ್ಲರೂ ಹೇಳ್ತಾರೆ. ಯಾಂಕೀ ಸ್ಟೇಡಿಯಂ, ಬಾಲ್ಟಿಮೋರ್ ಕೋಲ್ಟ್ಸ್ 23, ನ್ಯೂಯಾರ್ಕ್ ಜೈಂಟ್ಸ್ 17, ಫೈನಲ್ ಒಂದು ಹೆಚ್ಚುವರಿ ಅವಧಿಗೆ ಹೋದದ್ದು ಅದೇ ಮೊದಲು. ಅದನ್ನು ದೇಶವೆಲ್ಲ ಟಿವಿಯಲ್ಲಿ ನೋಡಿದ ಮೇಲೆ ಈ ಆಟದ ದೆಸೆಯೇ ತಿರುಗಿತು. ಆದ್ರೆ ನನಗೆ ಅದರಲ್ಲಿ ಇಷ್ಟ ಆಗೋದು ಜಾನಿ ಯುನಿಟಸ್. ಮೂರು ವರ್ಷ ಹಿಂದೆ ಪಿಟ್ಸ್‌ಬರ್ಗ್ ಸ್ಟೀಲರ್ಸ್ ಅವನನ್ನು ಬೇಡ ಅಂತ ಮನೆಗೆ ಕಳಿಸಿತ್ತು. ಕಟ್ಟಡದ ಕೆಲಸ ಮಾಡ್ಕೊಂಡು, ಪಂದ್ಯಕ್ಕೆ ಆರು ಡಾಲರ್‌ಗೆ ಲೋಕಲ್ ತಂಡದಲ್ಲಿ ಆಡ್ತಿದ್ದ. ಅವನೇ ಇಲ್ಲಿ ಕೋಲ್ಟ್ಸ್‌ನ ಕ್ವಾರ್ಟರ್‌ಬ್ಯಾಕ್, ಅಂದ್ರೆ ಚೆಂಡು ಎಸೆದು ತಂಡದ ಆಟ ನಡೆಸೋನು.

1967ರ ಡಿಸೆಂಬರ್ 31, ಗ್ರೀನ್ ಬೇ. ಮೈನಸ್ 13 ಡಿಗ್ರಿ ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ ಮೈನಸ್ 25 ಸೆಲ್ಸಿಯಸ್. ರೆಫರಿಗಳ ಲೋಹದ ಸೀಟಿ ತುಟಿಗೆ ಅಂಟಿಕೊಂಡು, ಆಮೇಲೆ ಬರೀ ಬಾಯಲ್ಲಿ ಕೂಗಿ ಆಟ ನಡೆಸಿದ್ರು. ಮೈದಾನದ ಅಡಿಯಲ್ಲಿ ಹಾಕಿದ್ದ ಬಿಸಿ ಮಾಡುವ ವ್ಯವಸ್ಥೆ ಕೈಕೊಟ್ಟು ನೆಲ ಮಂಜುಗಡ್ಡೆ ಆಗಿತ್ತು. ಡಲ್ಲಾಸ್ ಕೌಬಾಯ್ಸ್ 17, ಪ್ಯಾಕರ್ಸ್ 14, ಇನ್ನು 16 ಸೆಕೆಂಡ್, ಗೆರೆಗೆ ಒಂದು ಹೆಜ್ಜೆ ದೂರ. ಮೂರು ಪಾಯಿಂಟ್ ಒದ್ದು ಸಮ ಮಾಡ್ಕೊಳ್ಳಬಹುದಿತ್ತು. ಪ್ಯಾಕರ್ಸ್ ಕ್ವಾರ್ಟರ್‌ಬ್ಯಾಕ್ ಬಾರ್ಟ್ ಸ್ಟಾರ್ ತಾನೇ ಚೆಂಡು ಹಿಡಿದು, ಜೊತೆ ಆಟಗಾರ ಜೆರಿ ಕ್ರೇಮರ್ ಬೆನ್ನ ಹಿಂದೆ ನುಗ್ಗಿದ. 21-17. ದಾರಿ ಬಿಡಿಸಿಕೊಟ್ಟ ಕ್ರೇಮರ್‌ಗೆ ಈ ಹಾಲ್‌ನಲ್ಲಿ ಜಾಗ ಸಿಕ್ಕಿದ್ದು 2018ರಲ್ಲಿ. ಅರ್ಧ ಶತಮಾನ ಕಾಯಿಸಿದ್ರು ಮನುಷ್ಯನನ್ನ.

ನ್ಯೂಯಾರ್ಕ್ ಜೆಟ್ಸ್‌ನ ಕ್ವಾರ್ಟರ್‌ಬ್ಯಾಕ್ ಆಗಿದ್ದ ಜೋ ನೇಮತ್ ಹೊಲೊಗ್ರಾಂ ಆಗಿ ಬಂದು ಮಾತಾಡುವ ಥಿಯೇಟರ್ ಒಂದಿದೆ, ಮಕ್ಕಳಿಗೆ ಹಿಡಿಸುತ್ತೆ. 1969ರ ಸೂಪರ್ ಬೌಲ್‌ಗೆ ಮುಂಚೆ, ಕೋಲ್ಟ್ಸ್ ಸುಲಭವಾಗಿ ಗೆಲ್ಲುತ್ತೆ ಅಂತ ಇಡೀ ದೇಶ ಬಾಜಿ ಕಟ್ಟಿದ್ದಾಗ, ಗೆಲ್ಲೋದು ನಾವೇ, ಬೇಕಾದ್ರೆ ಗ್ಯಾರಂಟಿ ಕೊಡ್ತೀನಿ ಅಂದವನು. 16-7 ಗೆದ್ದೂ ಬಿಟ್ಟ. ಬಾಯಿಬಡುಕ ಅಂತ ಅನ್ನಿಸಿಕೊಳ್ಳದೆ ಪಾರಾದ.

ಈಗ ಮುಖ್ಯವಾದ ಕೋಣೆಗೆ ಬರ್ತೀನಿ. ಕಂಚಿನ ಮುಖಗಳ ಗ್ಯಾಲರಿ. ಹಾಲ್‌ಗೆ ಸೇರಿದವರ ಸಂಖ್ಯೆ 380 ದಾಟಿದೆ. ಎಲ್ಲರ ತಲೆ-ಭುಜದ ಪ್ರತಿಮೆ ಸಾಲಾಗಿ ಕಪಾಟಿನಲ್ಲಿವೆ. ಬೆಳಕು ಕಡಿಮೆ, ಜನ ತಾವಾಗಿಯೇ ದನಿ ತಗ್ಗಿಸ್ತಾರೆ. ಕೋಚ್ ಜಾನ್ ಮ್ಯಾಡನ್ 2006ರಲ್ಲಿ ಇಲ್ಲಿಗೆ ಸೇರಿದಾಗ ಭಾಷಣದಲ್ಲಿ ಹೇಳಿದ್ದ, ರಾತ್ರಿ ದೀಪ ಆರಿಸಿ ಎಲ್ಲರೂ ಹೋದ ಮೇಲೆ ಈ ಮುಖಗಳು ಒಂದರ ಜೊತೆ ಒಂದು ಮಾತಾಡ್ತವೆ ಅಂತ, ಅದನ್ನ ತಾನು ನಂಬ್ತೀನಿ ಅಂತ. ಜನ ನಕ್ಕರು. ಈ ಕೋಣೆಯಲ್ಲಿ ನಿಂತಾಗ ನನಗೆ ಬಂದ ಯೋಚನೆ ಬೇರೆ. ಮಾತಾಡೋದೇ ಆದ್ರೆ ಏನು ಮಾತಾಡ್ತಾರೆ?

1963ರ ಮೊದಲ ಹದಿನೇಳು ಜನರಲ್ಲಿ ಜಾರ್ಜ್ ಪ್ರೆಸ್ಟನ್ ಮಾರ್ಷಲ್ ಇದ್ದಾನೆ. ವಾಷಿಂಗ್ಟನ್ ತಂಡದ ಮಾಲೀಕ. ಅರ್ಧ ಸಮಯದ ಬ್ಯಾಂಡು-ಬಜಾಯಿ, ಲೀಗನ್ನು ಎರಡು ಭಾಗ ಮಾಡಿ ಫೈನಲ್ ಆಡಿಸುವ ಯೋಚನೆ, ಇವೆಲ್ಲ ಅವನ ಕೊಡುಗೆ. ಜೊತೆಗೆ ಇನ್ನೊಂದು. 1934ರಿಂದ 1945ರವರೆಗೆ ಎನ್‌ಎಫ್‌ಎಲ್‌ನಲ್ಲಿ ಒಬ್ಬನೇ ಒಬ್ಬ ಕಪ್ಪು ಆಟಗಾರ ಇರಲಿಲ್ಲ. ಅದಕ್ಕೂ ಮೊದಲು ಇದ್ದರು, ಫ್ರಿಟ್ಜ್ ಪೊಲಾರ್ಡ್ 1921ರಲ್ಲೇ ಆಕ್ರನ್ ತಂಡದ ಕೋಚ್ ಕೂಡ ಆಗಿದ್ದ. 1946ರಲ್ಲಿ ಮತ್ತೆ ಬಾಗಿಲು ತೆರೆಯಿತು, ಒಂದೊಂದಾಗಿ ಉಳಿದ ತಂಡಗಳೂ ಬದಲಾದವು. ಮಾರ್ಷಲ್ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಅವನ ಹೊಸ ಸ್ಟೇಡಿಯಂ ಇದ್ದದ್ದು ಕೇಂದ್ರ ಸರ್ಕಾರದ ಜಾಗದಲ್ಲಿ. ಹೀಗೇ ಮಾಡಿದ್ರೆ ಆಡೋಕೆ ಬಿಡಲ್ಲ ಅಂತ ಕೆನಡಿ ಸರ್ಕಾರ ಕಿವಿ ಹಿಂಡಿದ ಮೇಲೆ 1962ರಲ್ಲಿ ಬಾಬಿ ಮಿಚೆಲ್ ಆ ತಂಡಕ್ಕೆ ಬಂದ. ಅದರ ಮರುವರ್ಷವೇ ಮಾರ್ಷಲ್‌ಗೆ ಕಂಚಿನ ಮುಖ. ಮಿಚೆಲ್‌ಗೆ 1983ರಲ್ಲಿ. ಇಬ್ಬರೂ ಈಗ ಒಂದೇ ಕೋಣೆಯಲ್ಲಿ. ವಾಷಿಂಗ್ಟನ್ನಿನ ಹಳೇ ಸ್ಟೇಡಿಯಂ ಮುಂದಿದ್ದ ಮಾರ್ಷಲ್ ಸ್ಮಾರಕವನ್ನು 2020ರಲ್ಲಿ ತೆಗೆದುಹಾಕಿದ್ರು. ಇಲ್ಲಿ ಹಾಗಿಲ್ಲ, ಒಮ್ಮೆ ಒಳಗೆ ಬಂದವರನ್ನು ತೆಗೆಯಲ್ಲ. ಮಾಜಿ ಹೆಂಡತಿಯ ಕೊಲೆ ಆರೋಪದಿಂದ ಖುಲಾಸೆಯಾಗಿ, ಆಮೇಲೆ ದರೋಡೆ ಕೇಸಿನಲ್ಲಿ ಜೈಲಿಗೆ ಹೋದ ಓ.ಜೆ. ಸಿಂಪ್ಸನ್ ಮುಖವೂ ಹಾಗೇ ಇದೆ. ಮೈದಾನದಲ್ಲಿ ಮಾಡಿದ್ದಷ್ಟೇ ಲೆಕ್ಕ ಅನ್ನೋದು ಇವರ ನಿಯಮ.

ಇದು ಸರಿಯಾ ತಪ್ಪಾ ಅಂತ ಮಗನಿಗೂ ನನಗೂ ವಾಪಸ್ ಬರುವಾಗ ದಾರಿಯುದ್ದಕ್ಕೂ ವಾದ ಆಯ್ತು. ಅವನು ಮಾರ್ಷಲ್‌ನನ್ನು ತೆಗೀಬೇಕು ಅಂತಾನೆ. ನಾನು ಇರಲಿ ಅಂತೀನಿ. ಇದ್ರೇ ತಾನೇ ಮಿಚೆಲ್ ಮುಂದೆ ನಿಂತಾಗ ಅವನು ಯಾವ ಬಾಗಿಲು ದಾಟಿ ಬಂದ ಅಂತ ಕೇಳೋದು.

ಅದೇ ಕೋಣೆಯಲ್ಲಿ ಹುಡುಕಲೇಬೇಕಾದ ಇನ್ನೊಂದು ಮುಖ ಮರಿಯನ್ ಮೋಟ್ಲಿ. ಇದೇ ಕ್ಯಾಂಟನ್‌ನಲ್ಲಿ ಬೆಳೆದ, ಇಲ್ಲಿನ ಮೆಕಿನ್ಲಿ ಹೈಸ್ಕೂಲಿನಲ್ಲಿ ಆಡಿದ ಹುಡುಗ. 1946ರಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಸೇರಿದ. ಆಗ ಬ್ರೌನ್ಸ್ ಇದ್ದದ್ದು ಎನ್‌ಎಫ್‌ಎಲ್‌ಗೆ ಪೈಪೋಟಿ ಕೊಡ್ತಿದ್ದ ಬೇರೆ ಲೀಗ್‌ನಲ್ಲಿ. ಆ ವರ್ಷ ಮಯಾಮಿಯಲ್ಲಿ ಪಂದ್ಯ ಇದ್ದಾಗ ಮೋಟ್ಲಿ ಮತ್ತು ಬಿಲ್ ವಿಲ್ಲಿಸ್ ಇಬ್ಬರನ್ನೂ ಬಿಟ್ಟು ಹೋಗಬೇಕಾಯ್ತು, ಕಪ್ಪು ಆಟಗಾರರು ಅಲ್ಲಿ ಆಡುವ ಹಾಗಿರಲಿಲ್ಲ. 1968ರಲ್ಲಿ ಅವನು ತನ್ನೂರಿನ ಈ ಕಟ್ಟಡಕ್ಕೇ ಸೇರಿದ.

ಮೈಕ್ ವೆಬ್‌ಸ್ಟರ್ ಮುಂದೆಯೂ ನಿಲ್ಲಿ. ಸ್ಟೀಲರ್ಸ್‌ನ ಸೆಂಟರ್, ಅಂದ್ರೆ ಕ್ವಾರ್ಟರ್‌ಬ್ಯಾಕ್‌ಗೆ ಚೆಂಡು ಕೊಟ್ಟು ಎದುರಾಳಿಗಳನ್ನು ತಡೆಯೋನು, ನಾಲ್ಕು ಸೂಪರ್ ಬೌಲ್ ಗೆದ್ದವನು, ಹದಿನೇಳು ಸೀಸನ್ ತಲೆ ಕೊಟ್ಟು ಆಡಿದವನು. 1997ರಲ್ಲಿ ಇಲ್ಲಿ ಸೇರಿದ. 2002ರಲ್ಲಿ, 50ನೇ ವಯಸ್ಸಿನಲ್ಲಿ ತೀರಿಕೊಂಡ. ಕೊನೆಗಾಲದಲ್ಲಿ ಕೆಲವು ಸಲ ತನ್ನ ಗಾಡಿಯಲ್ಲೇ ಮಲಗ್ತಿದ್ದ. ಬೆನೆಟ್ ಒಮಾಲು ಅನ್ನೋ ವೈದ್ಯ ಅವನ ಮಿದುಳು ಪರೀಕ್ಷಿಸಿದಾಗ, ತಲೆಗೆ ಮತ್ತೆ ಮತ್ತೆ ಬಿದ್ದ ಏಟಿನಿಂದ ಆಗುವ ಸಿಟಿಇ ಕಾಯಿಲೆ ಒಬ್ಬ ಎನ್‌ಎಫ್‌ಎಲ್ ಆಟಗಾರನಲ್ಲಿ ಮೊದಲ ಸಲ ಪತ್ತೆಯಾಯ್ತು. ಆ ಪರೀಕ್ಷೆ ನಡೆದದ್ದು ಪಿಟ್ಸ್‌ಬರ್ಗ್‌ನಲ್ಲಿ, ಅಲೆಘೆನಿ ಕೌಂಟಿಯಲ್ಲಿ. 500 ಡಾಲರ್ ನಗದು ಕೊಟ್ಟ ಕ್ಲಬ್ಬಿನ ಊರೂ ಅದೇ. 2005ರಲ್ಲಿ ವರದಿ ಪ್ರಕಟವಾದಾಗ ಲೀಗಿನ ಸಮಿತಿಯ ವೈದ್ಯರು ಅದನ್ನು ವಾಪಸ್ ತಗೊಳ್ಳಿ ಅಂತ ಪಟ್ಟು ಹಿಡಿದ್ರು. ವರದಿ ಇವತ್ತಿಗೂ ಹಾಗೇ ನಿಂತಿದೆ. ಕಂಚಿನ ಮುಖ ಇದನ್ನೆಲ್ಲ ಹೇಳಲ್ಲ. ನಾಲ್ಕು ಸ್ಟಾರ್ ಕೊಟ್ಟು ಒಂದನ್ನು ಕೈಯಲ್ಲಿ ಇಟ್ಕೊಂಡಿರೋದು ಅದಕ್ಕೇ.

ಇನ್ನು ಸಣ್ಣಪುಟ್ಟ ಮಾತು. ಟಿಕೆಟ್ ಆನ್‌ಲೈನ್‌ನಲ್ಲಿ ಮೊದಲೇ ತಗೊಳ್ಳಿ, ದರ ಆಗಾಗ ಬದಲಾಗುತ್ತೆ. ಕಡಿಮೆ ಅಂದ್ರೂ ಮೂರು ಗಂಟೆ ಇಟ್ಕೊಳ್ಳಿ. ಓದುತ್ತಾ ಹೋಗೋರಿಗೆ ಐದೂ ಸಾಲದು. ವಯಸ್ಸಾದವರು ಜೊತೆಗಿದ್ರೆ ನಡುವೆ ಕೂತು ವಿಡಿಯೋ ನೋಡಿಸಿ, ಮಂಡಿಗೆ ಆರಾಮ. ಊಟದ ವಿಷಯಕ್ಕೆ ಬಂದ್ರೆ ಬೇಜಾರು. ಹೊರಗೆ ಹೈವೇ ಪಕ್ಕದ ಒಂದು ಹೋಟೆಲಿನಲ್ಲಿ ಮಾವನಿಗೆ ಮಾಂಸ ಬೇಡ ಅಂತ ಎರಡೆರಡು ಸಲ ಹೇಳಿ ಸಾಲಡ್ ತರಿಸಿದೆವು, ಬಂದದ್ದು ಮೇಲೆಲ್ಲ ಬೇಕನ್ ಚೂರು ಉದುರಿಸಿಕೊಂಡು. ಮಾಣಿ ಅದನ್ನ ತಗೊಂಡು ಹೋಗಿ ಚೂರು ಆರಿಸಿ ವಾಪಸ್ ತಂದ! ಸಸ್ಯಾಹಾರಿಗಳು ಸುಮ್ನೆ ಮನೆಯಿಂದ ಚಿತ್ರಾನ್ನವೋ ಚಪಾತಿಯೋ ಕಟ್ಕೊಂಡು ಹೋಗಿ, ಪಾರ್ಕಿಂಗ್‌ನಲ್ಲಿ ಕೂತು ತಿನ್ನಿ.

ಸಮಯ ಉಳಿದ್ರೆ ಅದೇ ಊರಲ್ಲಿ, ಕಾರಲ್ಲಿ ಐದು ನಿಮಿಷದ ದೂರದಲ್ಲಿ, 1901ರಲ್ಲಿ ಗುಂಡೇಟಿಗೆ ಸತ್ತ ಅಧ್ಯಕ್ಷ ವಿಲಿಯಂ ಮೆಕಿನ್ಲಿ ಸಮಾಧಿ ಇದೆ. 108 ಮೆಟ್ಟಿಲು ಹತ್ತಬೇಕು. ಸಂಖ್ಯೆ ಕೇಳಿದ್ದೇ ತಡ, ಮಂಡಿ ನೋವು ಅಂತಿದ್ದ ಮಾವ ಎಲ್ಲರಿಗಿಂತ ಮುಂದೆ ಹತ್ತಿದ್ರು.

ಆಗಸ್ಟ್ ಮೊದಲ ವಾರದ ಆಸುಪಾಸು ಮಾತ್ರ ಯೋಚನೆ ಮಾಡಿ ಹೋಗಿ. ಹೊಸಬರನ್ನು ಸೇರಿಸಿಕೊಳ್ಳುವ ಕಾರ್ಯಕ್ರಮ ಆಗ ನಡೆಯೋದು, ಪಕ್ಕದ ಸ್ಟೇಡಿಯಂನಲ್ಲಿ ಸೀಸನ್‌ಗೆ ಮುಂಚಿನ ಮೊದಲ ಪಂದ್ಯವೂ ಇರುತ್ತೆ. ಬಂಗಾರದ ಬಣ್ಣದ ಕೋಟು ಹಾಕಿದ ಹಳೇ ಆಟಗಾರರನ್ನು ಕಣ್ಣಾರೆ ನೋಡಬೇಕು ಅನ್ನೋರಿಗೆ ಅದೇ ಸರಿಯಾದ ಸಮಯ. ಆದ್ರೆ ಊರಿಡೀ ಜಾತ್ರೆ, ರೂಮ್ ಬಾಡಿಗೆ ವಿಪರೀತ, ಮತ್ತೆ ಆ ಖರ್ಚಿನ ಪಟ್ಟಿಯ ಮುಂದೆ ನಿಂತು ಒಂದೊಂದೇ ಸಾಲು ಓದೋಕೆ ಹಿಂದಿನವರು ಬಿಡಲ್ಲ. ಅಕ್ಟೋಬರ್‌ನಲ್ಲಿ ವಾರದ ನಡುವೆ ಹೋಗಿ. ಒಹಾಯೊದಲ್ಲಿ ಎಲೆ ಬಣ್ಣ ತಿರುಗುವ ಕಾಲ, ದಾರಿಯೂ ಚೆನ್ನಾಗಿರುತ್ತೆ.